ಹಡಗನ್ನು ತಪಾಸಣೆ ಮಾಡುತ್ತೀರಿ, ಬಂದರನ್ನು ಯಾರು ಮಾಡುತ್ತಾರೆ?

ಕರಾವಳಿಯ ಬಂದರುಗಳ ಆಡಳಿತದವರಿಗೆ, ಬಂದರು ಆರೋಗ್ಯ ಅಧಿಕಾರಿಗಳಿಗೆ, ಹಡಗು ಸಾರಿಗೆ ಮಹಾನಿರ್ದೇಶನಾಲಯದವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ದಾವಣಗೆರೆಯವನು. ಸರಕು ಹಡಗುಗಳಲ್ಲಿ ಮೊದಲು ಊಟ ಬಡಿಸಿ ಪಾತ್ರೆ ತೊಳೆಯುವ ಮೆಸ್‌ಮನ್ ಆಗಿ, ಆಮೇಲೆ ಚೀಫ್ ಕುಕ್ ಆಗಿ ದುಡಿದು ಈಗ ಊರಲ್ಲಿದ್ದೇನೆ. ಸಮುದ್ರವೇ ಇಲ್ಲದ ಊರಿನವನಿಗೆ ಬಂದರಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಇಲ್ಲಿ ಮಂಡಕ್ಕಿ ಅಂಗಡಿ ಮುಂದೆ ಸಿಗುವ ಗೆಳೆಯರೂ ಅದನ್ನೇ ಕೇಳುತ್ತಾರೆ. ಚಿತ್ರದುರ್ಗ, ಹೊಳಲ್ಕೆರೆ ಕಡೆ ಅಗೆದ ಕಬ್ಬಿಣದ ಅದಿರು ಘಟ್ಟ ಇಳಿದು ಹಡಗು ಹತ್ತಿದೆ. ಈಗ ನಮ್ಮ ಹುಡುಗರೂ ಹತ್ತುತ್ತಿದ್ದಾರೆ. ಮಗನನ್ನು ಹಡಗಿನ ಕೋರ್ಸಿಗೆ ಸೇರಿಸಬೇಕು ಅಂತ ವಿಚಾರಿಸಲು ಬರುವ ಅಪ್ಪ ಅಮ್ಮಂದಿರು ಸಂಬಳದ ಬಗ್ಗೆ ಕೇಳುತ್ತಾರೆ, ಬಿರುಗಾಳಿ ಬಗ್ಗೆ ಕೇಳುತ್ತಾರೆ, ಕಡಲ್ಗಳ್ಳರ ಬಗ್ಗೆಯೂ ಕೇಳುತ್ತಾರೆ. ಅಲ್ಲಿ ಕುಡಿಯೋಕೆ ಎಂಥ ನೀರು ಕೊಡ್ತಾರೆ ಅಂತ ಮಾತ್ರ ಒಬ್ಬರೂ ಕೇಳಿಲ್ಲ.

ಇನ್ನೊಂದು ಕಾರಣವೂ ಇದೆ. ಬಂದರಿನ ರೋಗ ಬಂದರಿನಲ್ಲೇ ಉಳಿಯುವುದಿಲ್ಲ. 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹಬ್ಬಿದ್ದ ಪ್ಲೇಗ್ 1896ರಲ್ಲಿ ಮುಂಬೈಯ ಹಡಗುಕಟ್ಟೆ ಪಕ್ಕದ ಓಣಿಗಳಲ್ಲಿ ಕಾಣಿಸಿಕೊಂಡಿತು. ಹಡಗಿನ ಇಲಿಗಳ ಜೊತೆ ಬಂದಿರಬೇಕು ಎಂಬುದೇ ತಿಳಿದವರ ಅಂದಾಜು. 1898ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಿತು. ಹಡಗನ್ನು ಚಿತ್ರದಲ್ಲೂ ನೋಡದ ಜನ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗಮ್ಮನ ಗುಡಿಗಳು ಈ ನಾಡಿನಲ್ಲಿ ಇವತ್ತಿಗೂ ಇವೆ.

ವಿಷಯಕ್ಕೆ ಬರುತ್ತೇನೆ. ಹಡಗಿನ ಸ್ವಚ್ಛತೆ ಕೆಡುವುದು ನಡುಸಮುದ್ರದಲ್ಲಿ ಅಲ್ಲ, ನಿಮ್ಮ ಕಟ್ಟೆಗೆ ಬಂದು ನಿಂತ ಮೇಲೆ. ನೀರು, ಕಕ್ಕಸು, ಕಸ, ಧೂಳು, ಇಲಿ, ತರಕಾರಿ ಹೀಗೆ ಯಾವುದನ್ನೇ ತೆಗೆದುಕೊಂಡರೂ ಅರ್ಧ ಕಾರಣ ಹಡಗಿನೊಳಗೆ ಇದ್ದರೆ ಇನ್ನರ್ಧ ದಡದಲ್ಲಿದೆ. ತಪಾಸಣೆ ಮಾತ್ರ ಒಂದೇ ಕಡೆಗೆ ನಡೆಯುತ್ತದೆ. ಹಡಗು ಕಾಗದ ತೋರಿಸುತ್ತದೆ, ನೀವು ನೋಡುತ್ತೀರಿ. ಬಂದರು ತನ್ನ ಕಾಗದವನ್ನು ಯಾರಿಗೆ ತೋರಿಸುತ್ತದೆ?

ನೀರಿನಿಂದಲೇ ಶುರು ಮಾಡೋಣ. ಹಡಗು ಓಡುವಾಗ ಸಮುದ್ರದ ನೀರಿನಿಂದಲೇ ಸಿಹಿನೀರು ಮಾಡಿಕೊಳ್ಳುತ್ತದೆ. ಅದಕ್ಕೆ ಫ್ರೆಶ್ ವಾಟರ್ ಜನರೇಟರ್ ಅನ್ನುತ್ತೇವೆ. ದೊಡ್ಡ ಎಂಜಿನ್ನನ್ನು ತಣ್ಣಗಾಗಿಸಿ ಬಂದ ಬಿಸಿನೀರಿನ ಶಾಖವೇ ಅದರ ಬಂಡವಾಳ. ಒಳಗಿನ ಗಾಳಿಯನ್ನು ಹೊರಗೆಳೆದಿರುವುದರಿಂದ ಸಮುದ್ರದ ನೀರು ಕಡಿಮೆ ಬಿಸಿಗೇ ಆವಿಯಾಗುತ್ತದೆ. ಅಷ್ಟು ಕಡಿಮೆ ಬಿಸಿಗೆ ರೋಗಾಣು ಪೂರ್ತಿ ಸಾಯುತ್ತವೆ ಅಂತ ನಂಬುವ ಹಾಗಿಲ್ಲ. ಅದಕ್ಕೇ ಆ ನೀರಿಗೂ ಕ್ಲೋರಿನ್ ಬೇಕು, ಇಲ್ಲವೇ ನೇರಳಾತೀತ ಬೆಳಕಿನ ಯಂತ್ರ ಬೇಕು. ದಡ ಹತ್ತಿರವಾಗುತ್ತಿದ್ದ ಹಾಗೆ ಎಂಜಿನಿಯರ್‌ಗಳು ಈ ಜನರೇಟರನ್ನು ನಿಲ್ಲಿಸುತ್ತಾರೆ. ದಡದ ಹತ್ತಿರದ ಸಮುದ್ರದಲ್ಲಿ ಊರಿನ ಚರಂಡಿ ನೀರೂ ಇರುತ್ತದೆ, ಬೇರೆ ಹಡಗುಗಳ ಎಣ್ಣೆಯೂ ಇರುತ್ತದೆ. ಕಟ್ಟೆಗೆ ಬಂದು ಎಂಜಿನ್ ನಿಂತ ಮೇಲಂತೂ ಶಾಖವೇ ಇಲ್ಲ. ಅಂದರೆ ಬಂದರಿನಲ್ಲಿ ಹಡಗು ತನ್ನ ನೀರನ್ನು ತಾನು ಮಾಡಿಕೊಳ್ಳುವುದಿಲ್ಲ. ಟ್ಯಾಂಕಿನಲ್ಲಿ ಇದ್ದದ್ದು, ಇಲ್ಲವೇ ನೀವು ಕೊಟ್ಟದ್ದು, ಇಷ್ಟೇ.

ನೀವು ಹೇಗೆ ಕೊಡುತ್ತೀರಿ ನೋಡಿ. ನಾನು ಕಂಡ ಎಷ್ಟೋ ಕಟ್ಟೆಗಳಲ್ಲಿ ನೀರಿನ ನಲ್ಲಿ ನೆಲದ ಮಟ್ಟಕ್ಕಿಂತ ಕೆಳಗೆ, ಒಂದು ಗುಂಡಿಯೊಳಗೆ ಇರುತ್ತದೆ. ಮೇಲೊಂದು ಕಬ್ಬಿಣದ ಮುಚ್ಚಳ. ಮಳೆ ಬಂದರೆ ಗುಂಡಿ ತುಂಬುತ್ತದೆ. ಅದರಲ್ಲಿ ಲಾರಿಯ ಎಣ್ಣೆ, ಉದುರಿದ ಸರಕು, ನಾಯಿ ಹೇಲು ಎಲ್ಲವೂ ಸೇರುತ್ತವೆ. ಹೋಸ್ ಪೈಪಿನ ತುದಿ ಅದೇ ನೀರಲ್ಲಿ ಬಿದ್ದಿರುತ್ತದೆ. ಕೆಲಸದವನು ಅದನ್ನೇ ಎತ್ತಿ ಜೋಡಿಸಿ ನಲ್ಲಿ ತಿರುಗಿಸುತ್ತಾನೆ. ಮೊದಲು ಬರುವ ನೀರನ್ನು ಸ್ವಲ್ಪ ಹೊತ್ತು ಹರಿಯಬಿಡಬೇಕು. ಮೀಟರ್ ಓಡುತ್ತೆ ಅಂತ ಹರಿಯಬಿಡುವುದಿಲ್ಲ.

ಒಂದು ಮಳೆಗಾಲ, ಪಶ್ಚಿಮ ಕರಾವಳಿಯ ಒಂದು ಬಂದರಿನಲ್ಲಿ ನಮ್ಮ ಹಡಗಿಗೆ ಹೀಗೇ ನೀರು ತುಂಬಿಸಿದರು. ಯಾವ ಬಂದರು ಅನ್ನುವುದು ಇಲ್ಲಿ ಬೇಡ. ಅಲ್ಲಿ ನಡೆದದ್ದು ಬೇರೆ ಕಡೆಯೂ ನಡೆಯುತ್ತದೆ. ನೀರಿನ ಪರೀಕ್ಷೆಯ ವರದಿ ಇದೆಯಾ ಅಂತ ಚೀಫ್ ಆಫೀಸರ್ ಕೇಳಿದರು. ನೀರು ಕೊಡಲು ಬಂದವನು ರಸೀದಿ ಪುಸ್ತಕ ಮುಂದೆ ಹಿಡಿದ. ಮೂರನೇ ದಿನಕ್ಕೆ ಒಬ್ಬೊಬ್ಬರಾಗಿ ಹೊಟ್ಟೆ ಹಿಡಿದುಕೊಂಡು ಮಲಗಿದರು. ಹಡಗಿನಲ್ಲಿ ಹೊಟ್ಟೆ ಕೆಟ್ಟರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಅಡುಗೆಯವನ ಕಡೆಗೆ. ನಾನು ದೊಡ್ಡ ಪಾತ್ರೆಗಳಲ್ಲಿ ನೀರು ಕುದಿಸಿ, ಆರಿಸಿ, ಕುಡಿಯಲು ಅದೊಂದೇ ಅಂತ ಹಟ ಹಿಡಿದೆ. ಎಂಜಿನ್ ರೂಮಿನವರು ಟ್ಯಾಂಕಿಗೆ ಜಾಸ್ತಿ ಕ್ಲೋರಿನ್ ಹಾಕಿ, ಆ ನೀರನ್ನೆಲ್ಲ ಖಾಲಿ ಮಾಡಿ, ಪೈಪುಗಳನ್ನು ತೊಳೆದರು. ಅಡುಗೆ ಅದೇ, ಅಡುಗೆಯವನೂ ಅವನೇ. ಕಾಯಿಲೆ ನಿಂತಿತು.

ಇದನ್ನೆಲ್ಲ ತಪ್ಪಿಸೋದು ಕಷ್ಟವೇನಲ್ಲ. ಕುಡಿಯುವ ನೀರಿನ ಹೋಸ್ ಬೇರೆಯೇ ಇರಬೇಕು, ಅದರ ಮೇಲೆ ಹಾಗಂತ ಬರೆದಿರಬೇಕು, ಎರಡೂ ತುದಿಗೆ ಮುಚ್ಚಳ ಬೇಕು, ನೆಲಕ್ಕೆ ತಾಗದ ಹಾಗೆ ಎತ್ತರದಲ್ಲಿ ಸುತ್ತಿಟ್ಟಿರಬೇಕು. ಹಡಗಿನ ನೀರು ತಿರುಗಿ ನಿಮ್ಮ ಪೈಪಿಗೆ ಬಾರದ ಹಾಗೆ ಒಂದು ತಡೆ ಬೇಕು. ನೀರಲ್ಲಿ ಉಳಿದಿರುವ ಕ್ಲೋರಿನ್ ನೋಡಲು ಒಂದು ಸಣ್ಣ ಕೊಳವೆ, ಒಂದು ಮಾತ್ರೆ ಸಾಕು. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಇದು ಹತ್ತನೇ ಕ್ಲಾಸ್ ಹುಡುಗ ಮಾಡುವ ಪರೀಕ್ಷೆ. ಕೋಟಿಗಟ್ಟಲೆ ರೂಪಾಯಿಯ ಕ್ರೇನ್ ನಿಂತಿರುವ ಕಟ್ಟೆಯಲ್ಲಿ ಈ ಮಾತ್ರೆಯ ಡಬ್ಬಿ ಇರುವುದಿಲ್ಲ!

ನೀರಿನ ಬಗ್ಗೆ ಇಷ್ಟು ಬರೆಯುತ್ತಿರುವುದಕ್ಕೆ ನಮ್ಮ ಕಡೆಯದೇ ನೋವೂ ಕಾರಣ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಎಷ್ಟೋ ಮಂದಿ ಆಸ್ಪತ್ರೆ ಸೇರಿದರು. ಬಂಡೆಗಳ ನಡುವೆ ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ ಕಟ್ಟಿ ಮಳೆನೀರನ್ನು ಜೋಪಾನ ಮಾಡಿದವರ ಊರು ಅದು. ಅಂಥ ಊರಲ್ಲೇ ಹೀಗಾಯಿತು. ಊರಲ್ಲಾದರೆ ಪಕ್ಕದ ಬೀದಿಯಿಂದ ನೀರು ತರಬಹುದು, ಆಸ್ಪತ್ರೆಗೆ ಓಡಬಹುದು, ಪತ್ರಿಕೆಯವರು ಬರುತ್ತಾರೆ. ಹಡಗಿನಲ್ಲಿ ಕಾಯಿಲೆ ಕಾಣಿಸುವ ಹೊತ್ತಿಗೆ ಹಡಗು ಬಂದರು ಬಿಟ್ಟು ಎರಡು ದಿನ ಆಗಿರುತ್ತದೆ. ಹಡಗಿನಲ್ಲಿ ಡಾಕ್ಟರ್ ಇರುವುದಿಲ್ಲ. ಔಷಧಿ ಪೆಟ್ಟಿಗೆಯ ಬೀಗ ಸೆಕೆಂಡ್ ಆಫೀಸರ್ ಕೈಯಲ್ಲಿರುತ್ತದೆ, ಅವರಿಗೆ ಗೊತ್ತಿದ್ದಷ್ಟೇ ಚಿಕಿತ್ಸೆ. ನೀರು ಕೊಟ್ಟ ಬಂದರಿಗೆ ಆ ಸುದ್ದಿ ಮುಟ್ಟುವುದೇ ಇಲ್ಲ. ಹಾಗಾಗಿ ನಮ್ಮ ನೀರು ಚೆನ್ನಾಗಿದೆ, ಯಾರೂ ದೂರಿಲ್ಲ ಅಂತ ನೀವು ಹೇಳಿದರೆ ಅದಕ್ಕೆ ಅರ್ಥವಿಲ್ಲ.

ಹಡಗು ತುಂಬ ದಿನ ನಿಂತರೆ ಇನ್ನೊಂದು ಅಪಾಯ ಇದೆ. ಖಾಲಿ ಕ್ಯಾಬಿನ್ನಿನ ಶವರ್, ಯಾರೂ ತಿರುಗಿಸದ ನಲ್ಲಿ, ಇಂಥ ಕಡೆ ನೀರು ಪೈಪಿನಲ್ಲೇ ಉಗುರುಬೆಚ್ಚಗೆ ನಿಲ್ಲುತ್ತದೆ. 25ರಿಂದ 50 ಡಿಗ್ರಿ ನಡುವೆ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಶವರಿನ ಹನಿಗಳ ಜೊತೆ ಉಸಿರಿಗೆ ಸೇರಿ ನ್ಯುಮೋನಿಯಾ ತರುತ್ತದೆ. ಈ ಪೈಪುಗಳನ್ನು ಆಗಾಗ ಹರಿಸಿ ತೊಳೆಯುವುದು ಹಡಗಿನವರ ಕೆಲಸ, ನಿಮ್ಮದಲ್ಲ. ಆದರೆ ಬಂದರಿನಲ್ಲಿ ನೀರಿಗೆ ದುಬಾರಿ ಬೆಲೆ ಇದ್ದರೆ ಹಾಗೆ ಹರಿಸಲು ಕ್ಯಾಪ್ಟನ್ ಒಪ್ಪುವುದಿಲ್ಲ.

ಮುಂದಿನದು ಕಕ್ಕಸಿನ ವಿಷಯ. ಅಧಿಕಾರಿಗಳ ಮೀಟಿಂಗಿನಲ್ಲಿ ಈ ಮಾತು ಬಂದರೆ ಎಲ್ಲರೂ ಫೈಲ್ ನೋಡುತ್ತಾರೆ. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಒಂದು ಸರಕು ಹಡಗಿನಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಇರುತ್ತಾರೆ. 2006ರ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ, ಸ್ವಂತ ಬಚ್ಚಲು ಇಲ್ಲದ ಪ್ರತಿ ಆರು ಜನಕ್ಕೆ ಕನಿಷ್ಠ ಒಂದು ಕಕ್ಕಸು, ಒಂದು ಕೈತೊಳೆಯುವ ಬೇಸಿನ್, ಒಂದು ಶವರ್ ಬೇಕು. ಭಾರತ ಈ ಒಪ್ಪಂದವನ್ನು 2015ರಲ್ಲಿ ಒಪ್ಪಿಕೊಂಡಿದೆ. ಸಮುದ್ರದಲ್ಲಿ ಈ ಲೆಕ್ಕ ಸರಿ. ಬಂದರಿಗೆ ಬಂದ ತಕ್ಷಣ ಲೋಡಿಂಗ್ ಕಾರ್ಮಿಕರು, ಮೇಸ್ತ್ರಿಗಳು, ಕ್ರೇನ್ ನಡೆಸುವವರು, ಸರ್ವೇಯರ್, ಏಜೆಂಟ್, ಕಸ್ಟಮ್ಸ್‌ನವರು, ಕಾವಲಿನವರು ಎಲ್ಲ ಹತ್ತುತ್ತಾರೆ. ಶಿಫ್ಟ್ ಮೇಲೆ ಶಿಫ್ಟ್, ಹಗಲು ರಾತ್ರಿ. 2004ರಿಂದ ಜಗತ್ತಿನಾದ್ಯಂತ ಹಡಗು ಮತ್ತು ಬಂದರುಗಳ ಭದ್ರತಾ ನಿಯಮ ಬಂದಿದೆ. ಅದರಿಂದ ಹಡಗಿನವರು ತಾವಿರುವ ಭಾಗಕ್ಕೆ ಬೀಗ ಹಾಕಿಕೊಳ್ಳುತ್ತಾರೆ. ಹೊರಗಿನವರಿಗೆ ಡೆಕ್ ಮೇಲೆ ಒಂದು ಕಕ್ಕಸು ಬಿಟ್ಟಿದ್ದರೆ ಪುಣ್ಯ. ಅದರ ಬಾಗಿಲಿಗೂ ಎಷ್ಟೋ ಸಲ ಬೀಗ. ಈಗ ಯೋಚನೆ ಮಾಡಿ. ಎಂಟು ಗಂಟೆ ಬಿಸಿಲಲ್ಲಿ ದುಡಿಯುವ ಮನುಷ್ಯ ಎಲ್ಲಿಗೆ ಹೋಗಬೇಕು? ಕಟ್ಟೆಯ ಮೇಲಿನ ಕಕ್ಕಸು ದೂರದ ಗೋದಾಮಿನ ಆಚೆ ಇದೆ. ಅಲ್ಲಿಗೆ ಹೋಗಿ ಬರೋ ಹೊತ್ತಿಗೆ ಮೇಸ್ತ್ರಿ ಬೈದಿರುತ್ತಾನೆ. ಹ್ಯಾಚಿನ, ಅಂದರೆ ಸರಕಿನ ಕೋಣೆಯ ಮುಚ್ಚಳದ, ಹಿಂದೆ, ಹಗ್ಗದ ಸುರುಳಿಗಳ ಮರೆಯಲ್ಲಿ, ಒಮ್ಮೊಮ್ಮೆ ಸರಕು ತುಂಬುವ ಕೋಣೆಯಾದ ಹೋಲ್ಡ್ ಒಳಗೇ ಆಗುತ್ತದೆ. ಬೆಳಗ್ಗೆ ಡೆಕ್ ಕೆಲಸದವರ ಮುಖಂಡ ಬೋಸನ್ ಬೈಯುತ್ತಾ ನೀರು ಹೊಡೆದು ತೊಳೆಯುತ್ತಾನೆ. ಆ ನೀರು ಡೆಕ್ಕಿನ ತೂತುಗಳಿಂದ ನೇರ ಬಂದರಿನ ನೀರಿಗೇ ಹೋಗುತ್ತದೆ.

ಹಡಗಿನವರು ಕಾರ್ಮಿಕರನ್ನು ಕೊಳಕರು ಅನ್ನುತ್ತಾರೆ. ಕಾರ್ಮಿಕರು ಹಡಗಿನವರನ್ನು ಸೊಕ್ಕಿನವರು ಅನ್ನುತ್ತಾರೆ. ನನ್ನ ಪ್ರಕಾರ ಇಬ್ಬರದ್ದೂ ತಪ್ಪಲ್ಲ. ನಮ್ಮ ಎಪಿಎಂಸಿ ಯಾರ್ಡಿನ ಹಮಾಲರಿಗೂ ಇದೇ ಗತಿ ಇತ್ತು. ಹತ್ತಿರದಲ್ಲಿ ನೀರಿರುವ ಕಕ್ಕಸು ಕಟ್ಟಿಸಿ ಗುಡಿಸುವವರನ್ನು ಇಟ್ಟರೆ ಯಾರೂ ಗೋಡೆ ಹುಡುಕಿಕೊಂಡು ಹೋಗುವುದಿಲ್ಲ. ಬಂದರು ಕಾರ್ಮಿಕರ ಸುರಕ್ಷತೆ, ಆರೋಗ್ಯ, ಕಲ್ಯಾಣಕ್ಕೆ ಅಂತ 1986ರಲ್ಲೇ ಈ ದೇಶದಲ್ಲಿ ಕಾನೂನು ಆಗಿತ್ತು. ಹೊಸದೇನನ್ನೂ ನಾನು ಕೇಳುತ್ತಿಲ್ಲ. ಹಡಗು ನಿಲ್ಲುವ ಪ್ರತಿ ಬರ್ತ್ ಪಕ್ಕದಲ್ಲಿ, ಹಡಗಿನ ಏಣಿಯಾದ ಗ್ಯಾಂಗ್‌ವೇ ಇಳಿದರೆ ಕಾಣುವ ಹಾಗೆ, ನೀರು ಸೋಪು ಇರುವ ಕಕ್ಕಸು ಬೇಕು. ಹೆಂಗಸರೂ ಈಗ ಹಡಗಿಗೆ ಬರುತ್ತಿದ್ದಾರೆ, ಅಧಿಕಾರಿಗಳಾಗಿ, ಸರ್ವೇಯರ್‌ಗಳಾಗಿ. ಅವರಿಗೂ ಪ್ರತ್ಯೇಕ ಬೇಕು.

ಹಡಗಿನೊಳಗಿನ ಮಲಿನ ನೀರಿನದ್ದು ಬೇರೆ ಕಥೆ. ಹಡಗುಗಳಿಂದ ಸಮುದ್ರ ಮಲಿನ ಆಗುವುದನ್ನು ತಡೆಯುವ ಮಾರ್ಪೋಲ್ ಒಪ್ಪಂದದ ನಾಲ್ಕನೇ ಅನುಬಂಧದ ಪ್ರಕಾರ, ಶುದ್ಧ ಮಾಡದ ಮಲಿನ ನೀರನ್ನು ದಡದಿಂದ 12 ನಾಟಿಕಲ್ ಮೈಲಿ ಒಳಗೆ ಬಿಡುವ ಹಾಗಿಲ್ಲ. ಹಡಗಿನಲ್ಲಿ ಅದನ್ನು ಶುದ್ಧ ಮಾಡುವ ಘಟಕ ಇರುತ್ತದೆ. ಅದರಲ್ಲಿ ಕೆಲಸ ಮಾಡುವುದು ಯಂತ್ರಕ್ಕಿಂತ ಹೆಚ್ಚಾಗಿ ಬ್ಯಾಕ್ಟೀರಿಯಾ. ಬಂದರಿಗೆ ಅಧಿಕಾರಿಗಳು ಬರುತ್ತಾರೆ, ಕಕ್ಕಸು ಫಳಫಳ ಹೊಳೆಯಬೇಕು ಅಂತ ಹುಡುಗರು ಆ್ಯಸಿಡ್, ಬ್ಲೀಚಿಂಗ್ ಪೌಡರ್ ಸುರಿದು ಉಜ್ಜುತ್ತಾರೆ. ಮೇಲೆ ಹೊಳೆಯುತ್ತದೆ, ಕೆಳಗೆ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಸತ್ತು ಹೋಗುತ್ತವೆ. ನಾಲ್ಕು ದಿನಕ್ಕೆ ವಾಸನೆ ಹಡಗಿನ ಅಡುಗೆಮನೆಯಾದ ಗ್ಯಾಲಿಯವರೆಗೂ ಬರುತ್ತದೆ. ತಪಾಸಣೆಗಾಗಿ ಮಾಡಿದ ಸ್ವಚ್ಛತೆಯೇ ಸ್ವಚ್ಛತೆಯನ್ನು ಕೆಡಿಸುವುದು ಹೀಗೆ. ತೆಗೆದಿಟ್ಟ ಮಲಿನ ನೀರನ್ನು ಇಳಿಸಿಕೊಳ್ಳುವ ವ್ಯವಸ್ಥೆ ಬಂದರಿನಲ್ಲಿ ಇರಬೇಕು ಅಂತಲೂ ಅದೇ ಒಪ್ಪಂದ ಹೇಳುತ್ತದೆ. ಟ್ಯಾಂಕರ್ ಬೇಕು ಅಂತ ಏಜೆಂಟರಿಗೆ ಹೇಳಿ ಕಾದು ಕೂತ ಹಡಗುಗಳು ನನಗೆ ಗೊತ್ತು.

ಕಸದ್ದೂ ಇದೇ ಹಾಡು. ಪ್ಲಾಸ್ಟಿಕ್ಕನ್ನು ಸಮುದ್ರದ ಯಾವ ಮೂಲೆಯಲ್ಲೂ ಎಸೆಯುವ ಹಾಗಿಲ್ಲ. ಊಟದ ಉಳಿಕೆಯನ್ನು ಸಣ್ಣಗೆ ಅರೆದರೆ ದಡದಿಂದ 3 ನಾಟಿಕಲ್ ಮೈಲಿ ಆಚೆ, ಅರೆಯದಿದ್ದರೆ 12 ನಾಟಿಕಲ್ ಮೈಲಿ ಆಚೆ, ಅದೂ ಹಡಗು ಓಡುತ್ತಿರುವಾಗ, ಬಿಡಬಹುದು. ಕೆಲವು ಸಮುದ್ರಗಳಲ್ಲಿ ಇದಕ್ಕಿಂತ ಬಿಗಿ. ಒಳ್ಳೆಯ ನಿಯಮ. ಆದರೆ ಬಂದರಿನಲ್ಲಿ ಹಾಗಾದರೆ ಎಲ್ಲಿ ಹಾಕಬೇಕು? ಮೀನಿನ ತಲೆ, ಕೋಳಿಯ ಕರುಳು, ಹಳಸಿದ ಅನ್ನ, ತರಕಾರಿ ಸಿಪ್ಪೆ ಎಲ್ಲ ಡ್ರಮ್ಮಿಗೆ ಹೋಗುತ್ತವೆ. ಏಪ್ರಿಲ್ ಬಿಸಿಲಿನಲ್ಲಿ ಎರಡೇ ದಿನಕ್ಕೆ ಆ ಡ್ರಮ್ ಹತ್ತಿರ ಹೋಗೋಕಾಗಲ್ಲ. ಮೂರನೇ ದಿನ ನೊಣ ಗ್ಯಾಲಿಯೊಳಗೆ ಬರುತ್ತವೆ. ಕಸದ ಲಾರಿ ಇವತ್ತು ಬರುತ್ತೆ, ನಾಳೆ ಬರುತ್ತೆ. ಬಂದಾಗ ಒಣ ಕಸ ಮಾತ್ರ ಒಯ್ಯುತ್ತೇನೆ ಅನ್ನುವವರೂ ಇದ್ದಾರೆ. ಇನ್ನು ಕೆಲವು ಕಡೆ ಕಸಕ್ಕಿಂತ ರಸೀದಿಯೇ ಬೇಗ ಬರುತ್ತದೆ. ಕಸದ ದಾಖಲೆ ಪುಸ್ತಕದಲ್ಲಿ ಅಂಟಿಸಲು ಅದು ಬೇಕು ನೋಡಿ. ಬಂದರಿನಲ್ಲಿ ಕಸ ಇಳಿಸಿಕೊಳ್ಳುವ ವ್ಯವಸ್ಥೆ ಮಾಡುವುದು ಸರ್ಕಾರದ ಹೊಣೆ ಅಂತ ಮಾರ್ಪೋಲಿನ ಐದನೇ ಅನುಬಂಧದಲ್ಲೇ ಇದೆ. ಇದು ಹಡಗಿಗೆ ಮಾಡುವ ಉಪಕಾರ ಏನಲ್ಲ.

ಧೂಳಿನ ಬಗ್ಗೆ ಹೇಳುವಾಗ ನನಗೆ ಸ್ವಲ್ಪ ನಗುವೂ ಬರುತ್ತದೆ. ನಮ್ಮ ಜಿಲ್ಲೆಗಳ ರಸ್ತೆ ಬದಿಯ ಮರ, ಮನೆ, ಹೊಲಗಳನ್ನು ಕೆಂಪು ಮಾಡಿದ ಅದೇ ಅದಿರಿನ ಧೂಳು ಬಂದರಿನಲ್ಲಿ ನನ್ನ ತಟ್ಟೆಗಳ ಮೇಲೆ ಕೂರುತ್ತಿತ್ತು. ಊರು ಬಿಟ್ಟರೂ ಬಿಡಲಿಲ್ಲ ಅಂದುಕೊಳ್ಳುತ್ತಿದ್ದೆ. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು, ಮರುವರ್ಷ ಸುಪ್ರೀಂ ಕೋರ್ಟ್ ಗಣಿಗಳನ್ನೇ ನಿಲ್ಲಿಸಿತು, 2022ರ ಮೇ ತಿಂಗಳಲ್ಲಿ ರಫ್ತಿಗೆ ಮತ್ತೆ ಒಪ್ಪಿಗೆ ಸಿಕ್ಕಿತು. ಆ ಜಗಳ ಇಲ್ಲಿ ಬೇಡ. ಅದಿರು, ಕಲ್ಲಿದ್ದಲು ತುಂಬುವಾಗ ಇಳಿಸುವಾಗ ಹಡಗಿನ ಅಡುಗೆಮನೆಗೆ ಎರಡೇ ದಾರಿ. ಗಾಳಿಯ ಕಿಂಡಿ ತೆರೆದರೆ ಸಾರಿನಲ್ಲಿ ಧೂಳು. ಮುಚ್ಚಿದರೆ ಒಲೆಯ ಮುಂದೆ ಬೇಯಬೇಕು, ಬೆವರು ಹಣೆಯಿಂದ ಇಳಿಯುತ್ತಲೇ ಇರುತ್ತದೆ, ಅದೂ ಸ್ವಚ್ಛತೆ ಅಲ್ಲ ಅಲ್ವಾ? ಜನ ಡೆಕ್ಕಿನಿಂದ ಅದೇ ಬೂಟಿನಲ್ಲಿ ಒಳಗೆ ಬರುತ್ತಾರೆ. ಬಟ್ಟೆ ಒಗೆದರೆ ಒಣಗಿಸಲು ಜಾಗವಿಲ್ಲ. ಲೋಡ್ ಮಾಡುವಾಗ ಅದಿರಿಗೆ ನೀರು ಚಿಮುಕಿಸಿದರೆ, ಅದಿರು ಬಾಚುವ ಕ್ರೇನಿನ ಗ್ರ್ಯಾಬ್ಬನ್ನು ಎತ್ತರದಿಂದ ಸುರಿಯದೆ ಕೆಳಗಿಳಿಸಿ ಬಿಚ್ಚಿದರೆ ಧೂಳು ಎಷ್ಟೋ ಕಡಿಮೆ. ಅದಿರಿನ ಪುಡಿಗೆ ನೀರು ಮಿತಿ ಮೀರಿದರೆ ಹೋಲ್ಡಿನಲ್ಲಿ ಕೆಸರಾಗಿ ಹಡಗೇ ವಾಲುವ ಅಪಾಯ ಇದೆ ಅನ್ನುವುದೂ ಗೊತ್ತು. ಹಾಗಾಗಿ ನೀರಿಗಿಂತ ಗ್ರ್ಯಾಬ್ ಇಳಿಸುವ ತಾಳ್ಮೆಯೇ ಮುಖ್ಯ. ಆದರೆ ಬಂದರಿನಲ್ಲಿ ಟನ್ನಿನ ಲೆಕ್ಕ ಕೇಳುತ್ತಾರೆಯೇ ಹೊರತು ತಾಳ್ಮೆಯ ಲೆಕ್ಕ ಕೇಳುವುದಿಲ್ಲ.

ಇಲಿ ಹಗ್ಗದ ಮೇಲೆ ನಡೆದು ಹಡಗು ಹತ್ತುತ್ತದೆ. ಅದಕ್ಕೆ ಹಗ್ಗಕ್ಕೆ ದುಂಡನೆಯ ತಗಡಿನ ತಡೆ ಕಟ್ಟುತ್ತೇವೆ. ಗಾಳಿಗೆ ತಿರುಗಿ ಅದು ಜೋತು ಬಿದ್ದಿದ್ದರೆ ದಂಡ ಹಾಕುತ್ತೀರಿ, ಹಾಕಿ, ಬೇಡ ಅನ್ನಲ್ಲ. ಆದರೆ ಗೋದಾಮಿನ ಪಕ್ಕ ಚೆಲ್ಲಿದ ಜೋಳ, ಗೋಧಿ ತಿಂದು ಬೆಕ್ಕಿನ ಗಾತ್ರಕ್ಕೆ ಬೆಳೆದ ಇಲಿಗಳು ಯಾರವು? ಜಿರಳೆ ಬರುವುದು ರಟ್ಟಿನ ಪೆಟ್ಟಿಗೆಗಳ ಮಡಿಕೆಯಲ್ಲಿ. ನಾನು ಯಾವ ರಟ್ಟಿನ ಪೆಟ್ಟಿಗೆಯನ್ನೂ ಸ್ಟೋರಿನೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ, ಡೆಕ್ ಮೇಲೇ ಬಿಚ್ಚಿಸಿ ಸಾಮಾನು ಮಾತ್ರ ಒಳಗೆ. ಮೆಸ್‌ಮನ್ ಹುಡುಗರಿಗೆ ಇದು ಕಿರಿಕಿರಿ. ಸೊಳ್ಳೆಯ ವಿಷಯ ಕೇಳಿ. ಕಟ್ಟೆಗೆ ನೇತುಹಾಕಿದ ಹಳೆಯ ಟೈರುಗಳಲ್ಲಿ, ಲೈಫ್‌ಬೋಟಿನ ಹೊದಿಕೆಯ ತಗ್ಗಿನಲ್ಲಿ ಮಳೆನೀರು ನಿಂತರೆ ಡೆಂಗಿ ಸೊಳ್ಳೆಗೆ ಅಷ್ಟು ಸಾಕು. ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಲ್ಲಿ ಒಂದು ಮಾತಿದೆ. ಪ್ರಯಾಣಿಕರು, ಹಡಗು, ಸರಕು ಓಡಾಡುವ ಜಾಗದಿಂದ ಕನಿಷ್ಠ 400 ಮೀಟರ್‌ವರೆಗೆ ರೋಗ ಹರಡುವ ಕೀಟ, ಇಲಿಗಳ ನಿಯಂತ್ರಣ ನಡೆಯಬೇಕು. ನಿಮ್ಮ ಕ್ಯಾಂಟೀನಿನ ಹಿಂಬದಿ ಈ 400 ಮೀಟರ್ ಒಳಗೆ ಬರುತ್ತದೆಯೋ ಇಲ್ಲವೋ, ಒಮ್ಮೆ ಅಳೆದು ನೋಡಿ.

ಇನ್ನು ಪ್ರೊವಿಷನ್. ಹಡಗಿನ ಕೋಲ್ಡ್ ರೂಮಿನಲ್ಲಿ ಮಾಂಸ ಮೀನು ಮೈನಸ್ 18ರಲ್ಲಿ, ತರಕಾರಿ ಹಾಲು 4-5 ಡಿಗ್ರಿಯಲ್ಲಿ ಇರಬೇಕು. ಹಡಗಿಗೆ ಸಾಮಾನು ಒದಗಿಸುವ ಶಿಪ್ ಚಾಂಡ್ಲರ್ ಗಾಡಿ ಬೆಳಗ್ಗೆ ಎಂಟಕ್ಕೆ ಗೇಟಿಗೆ ಬಂದರೆ ಗೇಟ್ ಪಾಸ್, ಕಸ್ಟಮ್ಸ್, ಯಾರದೋ ಸಹಿ ಅಂತ ಮಧ್ಯಾಹ್ನ ಎರಡಾಗುತ್ತದೆ. ಕೋಳಿ ಕರಗಿ ನೀರು ಸುರಿಯುತ್ತಿರುತ್ತದೆ. ಅದನ್ನು ಮತ್ತೆ ಫ್ರೀಜರಿಗೆ ಹಾಕಬಾರದು, ವಾಪಸ್ ಕಳಿಸಿದರೆ ಹಡಗು ಸಂಜೆ ಹೊರಡುತ್ತದೆ, ಬೇರೆ ಬರುವುದಿಲ್ಲ. ಅಡುಗೆಯವನು ಏನು ಮಾಡಬೇಕು ಹೇಳಿ. ನಾನು ಅವತ್ತೇ ಬೇಯಿಸಿ ಎಲ್ಲರಿಗೂ ಎರಡು ಹೊತ್ತು ಬಡಿಸಿದ್ದೂ ಉಂಟು. ಕಾಯಲಾಗದ ಊಟದ ಸಾಮಾನಿಗೆ ಗೇಟಿನಲ್ಲಿ ಬೇರೆ ಸಾಲು ಮಾಡಲು ಎಷ್ಟು ಖರ್ಚಾಗುತ್ತದೆ?

ಮತ್ತೆ, ದಣಿವು. ಇದನ್ನು ಸ್ವಚ್ಛತೆಯ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ನನ್ನ ಲೆಕ್ಕದಲ್ಲಿ ನೀರಿನ ನಂತರ ಇದೇ ದೊಡ್ಡದು. ನಿಯಮದಂತೆ ಯಾವುದೇ 24 ಗಂಟೆಯಲ್ಲಿ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಸಿಗಬೇಕು. ಬಂದರಿನಲ್ಲಿ ಕಾಗದದ ಮೇಲೆ ಸಿಗುತ್ತದೆ. ಹ್ಯಾಚ್ ತೆರೆ, ಮುಚ್ಚು, ಹಗ್ಗ ಬಿಗಿ ಮಾಡು, ಗ್ಯಾಂಗ್‌ವೇ ಕಾಯಿ, ಎಣ್ಣೆ ತುಂಬಿಸಿಕೋ, ಸಾಮಾನು ಹೊರು. ಸಮುದ್ರದಲ್ಲಿ ಶನಿವಾರ ಕ್ಯಾಪ್ಟನ್ ಬಂದು ಬಿಳಿ ಬಟ್ಟೆಯಲ್ಲಿ ಕಪಾಟಿನ ಮೇಲೆ ಒರೆಸಿ ಧೂಳು ನೋಡುವಷ್ಟು ಸಮಯ ಇರುತ್ತದೆ. ಬಂದರಿನಲ್ಲಿ ಅದೇ ಕ್ಯಾಪ್ಟನ್ ಊಟಕ್ಕೂ ಕೂರದೆ ಒಬ್ಬರಾದ ಮೇಲೆ ಒಬ್ಬ ಅಧಿಕಾರಿಗೆ ಕಾಗದ ತೋರಿಸುತ್ತಿರುತ್ತಾನೆ. ಊಟದ ಹೊತ್ತು ತಪ್ಪುತ್ತದೆ, ಬಡಿಸಿದ್ದು ಹೊರಗೇ ಉಳಿಯುತ್ತದೆ. ಗ್ಯಾಲಿ ತೊಳೆಯಬೇಕಾದ ಹುಡುಗನನ್ನು ಹಗ್ಗ ಎಳೆಯಲು ಕರೆಯುತ್ತಾರೆ. ಕೈ ತೊಳೆದನೋ ಇಲ್ಲವೋ, ಬಂದು ಚಪಾತಿ ಹಿಟ್ಟಿಗೆ ಕೈ ಹಾಕುತ್ತಾನೆ. ಹತ್ತಕ್ಕಿಂತ ಕಡಿಮೆ ಸಿಬ್ಬಂದಿಯ ಸಣ್ಣ ಹಡಗಿನಲ್ಲಿ ಪೂರ್ತಿ ಅರ್ಹತೆಯ ಅಡುಗೆಯವನು ಇರಲೇಬೇಕು ಅಂತಲೂ ಇಲ್ಲ.

ಹಡಗಿನ ಮಾಲೀಕರು ಒಳ್ಳೆಯವರು ಅಂತ ನಾನು ಹೇಳುತ್ತಿಲ್ಲ. ತುಕ್ಕು ಹಿಡಿದ ನೀರಿನ ಟ್ಯಾಂಕಿಗೆ ಪೈಂಟ್ ಹೊಡೆಸದವರಿದ್ದಾರೆ. ಸೋಪು ಕೇಳಿದರೆ ಮುಂದಿನ ಬಂದರಿನಲ್ಲಿ ನೋಡೋಣ ಅನ್ನುವವರಿದ್ದಾರೆ. ಸಾಲ ಹೆಚ್ಚಾಗಿ ಹಡಗನ್ನೂ ಜನರನ್ನೂ ಲಂಗರಿನ ಮೇಲೆ ಬಿಟ್ಟು ಕಾಣೆಯಾದವರೂ ಇದ್ದಾರೆ. ಅಂಥ ಹಡಗಿನಲ್ಲಿ ಡೀಸೆಲ್ ಮುಗಿದರೆ ಜನರೇಟರ್ ನಿಲ್ಲುತ್ತದೆ, ಕೋಲ್ಡ್ ರೂಮ್ ನಿಲ್ಲುತ್ತದೆ, ಕಕ್ಕಸಿಗೆ ನೀರು ನಿಲ್ಲುತ್ತದೆ. ಅಲ್ಲಿ ಸ್ವಚ್ಛತೆಯ ಮಾತು ಯಾರ ಹತ್ತಿರ ಆಡೋಣ? ಮಂಗಳೂರು ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮರದ ಹಡಗುಗಳಾದ ಮಂಜಿಗಳದ್ದು, ಮೀನಿನ ಬೋಟುಗಳದ್ದು ಇನ್ನೂ ಬೇರೆ ಲೋಕ. ಅದಕ್ಕೆ ಬೇರೆಯೇ ಪತ್ರ ಬೇಕು.

ಈಗ ಪ್ರಮಾಣಪತ್ರಕ್ಕೆ ಬರುತ್ತೇನೆ. 2007ರ ಜೂನ್ 15ರಿಂದ ಜಾರಿಗೆ ಬಂದ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಡಿ ದೇಶದಿಂದ ದೇಶಕ್ಕೆ ಓಡುವ ಪ್ರತಿ ಹಡಗಿಗೆ ನೈರ್ಮಲ್ಯದ ಪ್ರಮಾಣಪತ್ರ ಬೇಕು. ಹಿಂದೆ ಇಲಿ ಇಲ್ಲ ಅನ್ನುವ ಪ್ರಮಾಣಪತ್ರ ಇತ್ತು, ಈಗ ಗ್ಯಾಲಿ, ಸ್ಟೋರ್, ನೀರು, ಮಲಿನ ನೀರು, ಕಸ, ಹೋಲ್ಡ್ ಎಲ್ಲವನ್ನೂ ನೋಡಬೇಕು. ಆರು ತಿಂಗಳಿಗೆ ಒಮ್ಮೆ ಹೊಸದು. ಬಂದರಿನಲ್ಲಿ ತಪಾಸಣೆ ಆಗದಿದ್ದರೆ ಒಂದು ತಿಂಗಳ ವಿನಾಯಿತಿ. ಮನಸ್ಸಿಟ್ಟು ನೋಡುವ ಬಂದರು ಆರೋಗ್ಯ ಅಧಿಕಾರಿಗಳನ್ನು ನಾನು ಕಂಡಿದ್ದೇನೆ. ಫ್ರಿಜ್ಜಿನ ಬಾಗಿಲಿನ ರಬ್ಬರನ್ನು ಬೆರಳಿಂದ ಎಳೆದು ಒಳಗಿನ ಬೂಷ್ಟು ತೋರಿಸಿದವರಿದ್ದರು. ಕ್ಯಾಪ್ಟನ್ ಕ್ಯಾಬಿನ್ನಿನಲ್ಲೇ ಕೂತು ಮುಗಿಸಿದವರೂ ಇದ್ದರು.

ಆದರೆ ಅದೇ ನಿಯಮಗಳ ಒಂದನೇ ಅನುಬಂಧವನ್ನು ದಯವಿಟ್ಟು ತೆಗೆದು ಓದಿ. ಗೊತ್ತುಮಾಡಿದ ಬಂದರುಗಳಲ್ಲಿ ಕುಡಿಯುವ ನೀರು, ಊಟದ ಜಾಗ, ಸಾರ್ವಜನಿಕ ಶೌಚಾಲಯ, ಘನ ಮತ್ತು ದ್ರವ ಕಸದ ವಿಲೇವಾರಿ, ಇವೆಲ್ಲ ಸುರಕ್ಷಿತವಾಗಿವೆಯೇ ಅಂತ ತಪಾಸಣೆ ನಡೆಸುವುದು ದೇಶದ ಹೊಣೆ ಅಂತ ಅಲ್ಲಿದೆ. ಹಡಗಿಗೆ ಎಷ್ಟು ಕಟ್ಟುಪಾಡಿದೆಯೋ ಬಂದರಿಗೂ ಅಷ್ಟೇ ಇದೆ. ಹಡಗಿನ ತಪ್ಪಿಗೆ ಹಡಗನ್ನು ತಡೆದು ನಿಲ್ಲಿಸುತ್ತಾರೆ. ಬಂದರಿನ ತಪ್ಪಿಗೆ ಏನು ಮಾಡುತ್ತಾರೆ?

ಅಮೆರಿಕದಲ್ಲಿ ಪ್ರವಾಸಿ ಹಡಗುಗಳಿಗೆ 1970ರ ದಶಕದಿಂದ ಒಂದು ಪದ್ಧತಿ ಇದೆ. ಆರೋಗ್ಯ ಇಲಾಖೆಯವರು ಹೇಳದೆ ಕೇಳದೆ ಬಂದು ನೂರಕ್ಕೆ ಅಂಕ ಕೊಡುತ್ತಾರೆ. 85 ಅಥವಾ ಅದಕ್ಕಿಂತ ಕಡಿಮೆ ಬಂದರೆ ಫೇಲ್. ಆ ಅಂಕ ಯಾರು ಬೇಕಾದರೂ ನೋಡಬಹುದು. ಇದನ್ನು ನಾವು ತಿರುಗಿಸಿ ಬಂದರುಗಳಿಗೂ ಹಾಕೋಣ. ಪ್ರತಿ ಬರ್ತ್‌ನ ನೀರಿನ ನಲ್ಲಿಗೆ ಒಂದು ಬೋರ್ಡ್ ಇರಲಿ. ಕೊನೆಯ ಪರೀಕ್ಷೆ ಯಾವತ್ತು, ಕ್ಲೋರಿನ್ ಎಷ್ಟು, ಬ್ಯಾಕ್ಟೀರಿಯಾ ಇತ್ತೋ ಇಲ್ಲವೋ, ಇಷ್ಟು ಬರೆಯಿರಿ. ನೀರಿನ ಬಿಲ್ಲಿನ ಜೊತೆ ಅದರ ಪ್ರತಿ ಕೊಡಿ. ಹಡಗಿನ ತಪಾಸಣೆಗೆ ಬಂದ ಅಧಿಕಾರಿ ಹತ್ತು ನಿಮಿಷ ಅಡುಗೆಯವನ ಜೊತೆಯೂ ಮಾತಾಡಲಿ, ಕ್ಯಾಪ್ಟನ್ ಪಕ್ಕದಲ್ಲಿ ಇಲ್ಲದಿರುವಾಗ. ನಿಮ್ಮ ಬಂದರಿನ ನೀರು, ಕಸ, ಗೇಟಿನ ಬಗ್ಗೆ ಹಡಗಿನವರು ದೂರು ಕೊಡಲು ಒಂದು ನಂಬರ್ ಇರಲಿ. ದೂರು ಕೊಟ್ಟ ಹಡಗಿಗೆ ಮುಂದಿನ ಸಲ ತೊಂದರೆ ಆಗಬಾರದು, ಅದನ್ನೂ ಬರೆದು ಹಾಕಿ. ಆ ಭಯಕ್ಕೇ ಎಷ್ಟೋ ಕ್ಯಾಪ್ಟನ್‌ಗಳು ಬಾಯಿ ಮುಚ್ಚಿಕೊಂಡು ಹೊರಡುತ್ತಾರೆ.

ಇದನ್ನೆಲ್ಲ ಒಂದೇ ವರ್ಷದಲ್ಲಿ ಮಾಡಿ ಅಂತ ನಾನು ಹೇಳುವುದಿಲ್ಲ. ನೀರಿನ ಗುಂಡಿಗಳಿಂದ ನಲ್ಲಿಗಳನ್ನು ಮೇಲೆತ್ತುವ ಕೆಲಸ ಮಾತ್ರ ಮುಂದಿನ ಮಳೆಗಾಲಕ್ಕೆ ಮುಂಚೆ ಆಗಬೇಕು. ಮಾಹಿತಿ ಹಕ್ಕಿನಡಿ ನಿಮ್ಮ ಕಚೇರಿಗಳಿಗೆ ಬೇರೆಯಾಗಿ ಅರ್ಜಿ ಹಾಕುತ್ತಿದ್ದೇನೆ. ಅದರಲ್ಲಿ ಮೂರು ಪ್ರಶ್ನೆ ಇವೆ. ಹಡಗುಗಳಿಗೆ ನೀರು ಕೊಡುವ ಪ್ರತಿ ನಲ್ಲಿಯ ಕಳೆದ ಒಂದು ವರ್ಷದ ಪರೀಕ್ಷಾ ವರದಿ ಕೊಡಿ. ಪ್ರತಿ ಬರ್ತ್‌ನಿಂದ ಹತ್ತಿರದ ಶೌಚಾಲಯಕ್ಕೆ ಎಷ್ಟು ಮೀಟರ್ ಅಂತ ತಿಳಿಸಿ. ಹಡಗುಗಳು ಕಸ ಇಳಿಸಲು ಕೇಳಿದ ದಿನಕ್ಕೂ ಕಸ ನಿಜವಾಗಿ ಇಳಿದ ದಿನಕ್ಕೂ ನಡುವಿನ ಅಂತರದ ದಾಖಲೆ ಕೊಡಿ. ಕಾನೂನು ಮೂವತ್ತು ದಿನ ಕೊಡುತ್ತದೆ.

ಇಂತಿ,
ಒಬ್ಬ ನಿವೃತ್ತ ಹಡಗಿನ ಅಡುಗೆಯವ
ದಾವಣಗೆರೆ